ಸಂಶೋಧನೆ ಅಂದ್ರೆ ಬರೀ ಲ್ಯಾಬ್ ಅಲ್ಲ: ಬಳ್ಳಾರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ರಿಸಲ್ಟ್ ಬಂದ ಮೇಲೆ ಒಂದು ತಿಂಗಳು ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಸಿರುಗುಪ್ಪ, ಸಿಂಧನೂರು, ಕುಷ್ಟಗಿ, ಎಲ್ಲಿಂದ ಫೋನ್ ಬಂದರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಹುಡುಗರು ಕೇಳುತ್ತಾರೆ, ಹುಡುಗಿಯರು ಕೇಳುತ್ತಾರೆ, ಹಿಂದಿನಿಂದ ಅವರ ಅಪ್ಪಂದಿರು ಫೋನ್ ಕಸಿದುಕೊಂಡು ಕೇಳುತ್ತಾರೆ. ಹೇಳಿದ್ದೇ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ನನ್ನ ವಿಷಯ ಇತಿಹಾಸ, ಅದಕ್ಕೇ ಕಲ್ಲು ಮಣ್ಣಿನ ಮಾತು ಸ್ವಲ್ಪ ಜಾಸ್ತಿ ಬಂದಿದೆ.

ಸಂಶೋಧನೆ ಅಂದ್ರೆ ನಿಜವಾಗಿ ಏನು ಸರ್?

ಯಾರಿಗೂ ಇನ್ನೂ ಸರಿಯಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿಯುವುದು, ಅದಕ್ಕೆ ಸಾಕ್ಷಿ ಹುಡುಕುವುದು, ಆಮೇಲೆ ಬೇರೆಯವರು ಬಂದು "ಎಲ್ಲಿ, ನೋಡೋಣ" ಎಂದು ತಿರುಗಿ ಪರೀಕ್ಷೆ ಮಾಡುವ ಹಾಗೆ ಬರೆದಿಡುವುದು. ಅಷ್ಟೇ. ಹತ್ತು ಪುಸ್ತಕ ತಂದು ಹನ್ನೊಂದನೆಯದು ಬರೆದರೆ ಅದು ನೋಟ್ಸ್.

ಒಂದು ಉದಾಹರಣೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಹಳೇ ಸುದ್ದಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟನ್ನೇ ಮತ್ತೆ ಬರೆದರೆ ವರದಿ ಆಗುತ್ತದೆ. ಆದರೆ ಒಂದೇ ಊರಲ್ಲಿ ಮೇಲಿನ ಓಣಿಯ ಬೋರಿನಲ್ಲಿ ಜಾಸ್ತಿ, ಕೆಳಗಿನ ಓಣಿಯ ಬೋರಿನಲ್ಲಿ ಕಡಿಮೆ ಇದ್ದರೆ ಅದು ಯಾಕೆ? ಕಲ್ಲಿನ ಜಾತಿ ಬೇರೆಯೋ, ಬೋರಿನ ಆಳ ಬೇರೆಯೋ, ನೀರು ಕಲ್ಲಿನ ಸಂದಿಯಲ್ಲಿ ನಿಂತ ಕಾಲ ಬೇರೆಯೋ? ಇದನ್ನು ಹಿಡಿದು ಹೋದರೆ ಸಂಶೋಧನೆ.

ಆರ್ಟ್ಸ್ ತಗೊಂಡವರಿಗೆ ಏನಿದೆ ಸಂಶೋಧನೆ? ಎಲ್ಲ ಬರೆದಾಗಿದೆ ಅಲ್ವಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಮಸ್ಕಿಯ ಕಥೆ ಹೇಳುತ್ತೇನೆ. ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿ ಓದಿದ. ದೇಶದ ತುಂಬ ಬಂಡೆಗಳ ಮೇಲೆ "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ಒಬ್ಬ ರಾಜ ಮಾತಾಡುತ್ತಿದ್ದ. ಆದರೆ ಈ ಪ್ರಿಯದರ್ಶಿ ಯಾರು? ಶ್ರೀಲಂಕಾದ ಪಾಳಿ ಗ್ರಂಥಗಳನ್ನು ಹೋಲಿಸಿ ಇವನು ಅಶೋಕನೇ ಇರಬೇಕು ಎಂದು ವಿದ್ವಾಂಸರು ಹೇಳಿದರು. ಇರಬೇಕು ಅಷ್ಟೇ, ಬಂಡೆಯ ಮೇಲೆ ಆ ಹೆಸರು ಎಲ್ಲೂ ಇರಲಿಲ್ಲ. ಸುಮಾರು 80 ವರ್ಷ ಹೀಗೇ ಕಳೆಯಿತು.

1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಸಿಕ್ಕಿತು. ಕಂಡವನು ಪ್ರೊಫೆಸರ್ ಅಲ್ಲ, ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು! ಚಿನ್ನ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ನೋಡಿ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಹೆಸರಿರುವ ಶಾಸನ ಸಿಕ್ಕವು. ಕೊಪ್ಪಳದ ಗವಿಮಠದಲ್ಲಿ, ಪಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ.

ಈಗ ಕೇಳಿ, ಎಲ್ಲ ಬರೆದು ಮುಗಿಯಿತಾ? ಇಷ್ಟು ದಕ್ಷಿಣಕ್ಕೆ, ಇಷ್ಟು ಹತ್ತಿರ ಹತ್ತಿರ ಯಾಕೆ ಕೆತ್ತಿಸಿದ? ಚಿನ್ನಕ್ಕಾ, ಹಾದಿಗಾ, ಇಲ್ಲಿ ಜನ ಜಾಸ್ತಿ ಇದ್ದರಾ? ಶಾಸನದ ಭಾಷೆ ಪ್ರಾಕೃತ, ಅದನ್ನು ಓದುವವರು ಆಗ ಇಲ್ಲಿ ಯಾರಿದ್ದರು? ಇವತ್ತಿಗೂ ಇದರ ಮೇಲೆ ಜಗಳ ನಡೆದೇ ಇದೆ.

ಹಾಗಾದ್ರೆ ಆರ್ಟ್ಸ್ ಬೇರೆ, ಸೈನ್ಸ್ ಬೇರೆ. ಯಾವುದಾದ್ರೂ ಒಂದನ್ನೇ ಹಿಡೀಬೇಕು, ಅಲ್ವಾ?

ಪಿಯುಸಿ ಫಾರಂ ತುಂಬುವಾಗ ಹೌದು. ಅದರ ಆಚೆ ಆ ಗೋಡೆ ಅಷ್ಟು ಗಟ್ಟಿ ಇಲ್ಲ. ನಮ್ಮ ಊರಿನ ಬೂದಿದಿಬ್ಬಗಳನ್ನೇ ನೋಡಿ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಸಿಗುತ್ತದೆ. ಅಲ್ಲೊಂದು ದೊಡ್ಡ ಬೂದಿಯ ದಿಬ್ಬ ಇದೆ. ಸಂಗನಕಲ್ಲು-ಕುಪಗಲ್ಲು ಕಡೆ ಇದೆ, ಹಂಪಿ ಹತ್ತಿರ ನಿಂಬಾಪುರದಲ್ಲೂ ಇದೆ. ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಾರೆ. ಬೇರೆ ಕಡೆ ರಾಕ್ಷಸರ ಬೂದಿ. 19ನೇ ಶತಮಾನದಲ್ಲಿ ನೋಡಿದ ಬಿಳಿಯರು ಇದು ಜ್ವಾಲಾಮುಖಿಯದಾ, ಕಬ್ಬಿಣ ಕರಗಿಸಿದ ಕಿಟ್ಟವಾ ಎಂದು ತಲೆ ಕೆಡಿಸಿಕೊಂಡರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ಸಗಣಿ ಸುಟ್ಟ ಬೂದಿ ಎಂದ. ಎಲ್ಲರೂ ನಂಬಲಿಲ್ಲ. 20ನೇ ಶತಮಾನದ ನಡುವೆ ಜ್ಯೂನರ್ ಎಂಬ ವಿಜ್ಞಾನಿ ಬೂದಿಯನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದ ಮೇಲೆ ವಿಷಯ ಗಟ್ಟಿಯಾಯಿತು. ದನ ಮೇಯ್ದ ಹುಲ್ಲಿನಲ್ಲಿ ಗಾಜಿನಂಥ ಸಣ್ಣ ಕಣಗಳಿರುತ್ತವೆ, ಎಷ್ಟು ಸುಟ್ಟರೂ ಅವು ಹೋಗುವುದಿಲ್ಲ, ಸಗಣಿಯ ಜೊತೆ ಬಂದು ಬೂದಿಯಲ್ಲಿ ಉಳಿದುಬಿಡುತ್ತವೆ. ಇತ್ತ ಆಲ್ಚಿನ್ ಎಂಬ ಪುರಾತತ್ವ ಶಾಸ್ತ್ರಜ್ಞ ಕೃಷ್ಣೆಯ ಆಚೆ ಉಟ್ನೂರಿನಲ್ಲಿ ಅಗೆದಾಗ ದನದ ದೊಡ್ಡಿಯ ಗೂಟದ ಗುಂಡಿಗಳು, ಗೊರಸಿನ ಗುರುತುಗಳು ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಹಸುವಿನ ಹೆಜ್ಜೆ, ಯೋಚನೆ ಮಾಡಿ.

ಆದರೆ ಅಷ್ಟು ಸಗಣಿಯನ್ನು ಯಾಕೆ ಸುಟ್ಟರು? ರೈತರ ಮಕ್ಕಳು ಮೊದಲು ಕೇಳುವುದೇ ಇದು, "ಗೊಬ್ಬರ ಯಾರಾದ್ರೂ ಸುಡ್ತಾರಾ ಸರ್?" ಒಳ್ಳೇ ಪ್ರಶ್ನೆ. ಬೆಂಕಿ ಬಿದ್ದು ಹೋಯಿತು ಅನ್ನುವವರಿದ್ದಾರೆ, ನಮ್ಮ ಸಂಕ್ರಾಂತಿಗೆ ಕಿಚ್ಚು ಹಾಯಿಸುವ ಥರ ಯಾವುದೋ ಹಬ್ಬಕ್ಕೆ ಬೇಕಂತಲೇ ಹಚ್ಚಿದರು ಅನ್ನುವವರೂ ಇದ್ದಾರೆ. ಇಲ್ಲಿಗೆ ಬಂದರೆ ಮತ್ತೆ ಜಾನಪದ ಓದಿದವರು ಬೇಕು.

ಆ ಕಾಲದ ಜನರ ಊಟದ ವಿಷಯ ಇನ್ನೂ ಚೆಂದ. ಅಗೆದ ಮಣ್ಣನ್ನು ಒಂದು ಬಕೆಟ್ ನೀರಿಗೆ ಹಾಕಿ ಮೆಲ್ಲಗೆ ಕದಡುತ್ತಾರೆ. ಮಣ್ಣು ತಳಕ್ಕೆ ಹೋಗುತ್ತದೆ, ಸುಟ್ಟು ಇದ್ದಿಲಾದ ಕಾಳು ಹಗುರ, ಮೇಲೆ ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಿ ಒಂದೊಂದೇ ಕಾಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನಮ್ಮ ಅಮ್ಮಂದಿರು ಅಕ್ಕಿ ತೊಳೆಯುವಾಗ ಮಾಡುವ ಕೆಲಸವೇ. ಹಾಗೆ ನೋಡಿದಾಗ ಸಂಗನಕಲ್ಲಿನ ಆ ಜನ ಹುರಳಿ, ಹೆಸರು, ಕೊರಲೆಯಂಥ ಸಿರಿಧಾನ್ಯ ತಿನ್ನುತ್ತಿದ್ದರು ಎಂದು ಗೊತ್ತಾಯಿತು. ಜೋಳ ಅವರ ಮುಖ್ಯ ಊಟ ಅಲ್ಲ, ಅದು ಆಫ್ರಿಕಾದಿಂದ ಬಂದ ಬೆಳೆ. ಜೋಳದ ರೊಟ್ಟಿ ಆದಿಕಾಲದಿಂದ ನಮ್ಮದೇ ಎಂದು ವಾದ ಮಾಡುವ ನನ್ನ ಮಾವನಿಗೆ ಇದನ್ನು ಹೇಳಿದೆ, ಎರಡು ದಿನ ಮಾತು ಬಿಟ್ಟರು.

ಕುಪಗಲ್ಲಿನ ಗುಡ್ಡದಲ್ಲಿ ಇನ್ನೊಂದು ವಿಷಯ ಇದೆ. ಡೋಲರೈಟ್ ಎಂಬ ಕರಿಕಲ್ಲಿನ ಬಂಡೆಗಳು ಅಲ್ಲಿ ಉದ್ದಕ್ಕೆ ಸಾಲಾಗಿ ಬಿದ್ದಿವೆ. ಕೆಲವನ್ನು ಗುಂಡುಕಲ್ಲಿನಿಂದ ತಟ್ಟಿದರೆ ಗುಡಿಯ ಗಂಟೆಯ ಥರ "ಟಣ್" ಎನ್ನುತ್ತವೆ, ಪಕ್ಕದ್ದು ತಟ್ಟಿದರೆ ಬರೀ "ಟಪ್". ಟಣ್ ಎನ್ನುವ ಕಲ್ಲುಗಳ ಮೇಲೆ ತಟ್ಟಿ ತಟ್ಟಿ ಸವೆದ ನುಣುಪು ಕುಳಿಗಳಿವೆ, ಸುತ್ತ ಉದ್ದ ಕೊಂಬಿನ ದನಗಳ ಚಿತ್ರ ಕುಟ್ಟಿದ್ದಾರೆ. ಇದು ಸಂಗೀತದ ವಿಷಯವಾ, ಭೂವಿಜ್ಞಾನವಾ, ಭೌತಶಾಸ್ತ್ರವಾ, ಇತಿಹಾಸವಾ? ನೀವೇ ಹೇಳಿ. ದಯವಿಟ್ಟು ಹೋಗಿ ಎಲ್ಲರೂ ತಟ್ಟಬೇಡಿ, ಅಲ್ಲಿ ಕಲ್ಲು ಒಡೆಯುವ ಕೆಲಸದಿಂದ ಹೋಗಿರುವುದೇ ಸಾಕಷ್ಟಿದೆ.

ನಮ್ಮ ಕಡೆ ಸೈನ್ಸ್‌ನವರಿಗೆ ಏನು ಸಿಗುತ್ತೆ? ಬೆಂಗಳೂರಿಗೇ ಹೋಗಬೇಕಾ?

ದೊಡ್ಡ ಮಷಿನ್ ಬೇಕಾದರೆ ಹೋಗಬೇಕು, ಅದರಲ್ಲಿ ಸುಳ್ಳಿಲ್ಲ. ಆದರೆ ಪ್ರಶ್ನೆಗಳು ಇಲ್ಲೇ ಬಿದ್ದಿವೆ.

ಸಂಡೂರಿನ ಕೆಂಪು ಗುಡ್ಡ ಗೊತ್ತಲ್ವಾ? ಲಾರಿ ಧೂಳು ಎಂದು ಬೈಯುತ್ತೇವೆ. ಆ ಅದಿರಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇತ್ತು. ಆ ಕಬ್ಬಿಣ ತಳಕ್ಕೆ ಇಳಿದದ್ದರಲ್ಲಿ ಸೂಕ್ಷ್ಮಜೀವಿಗಳ ಕೈ ಎಷ್ಟಿದೆ ಎಂದು ಭೂವಿಜ್ಞಾನಿಗಳೂ ಜೀವವಿಜ್ಞಾನಿಗಳೂ ಸೇರಿ ನೋಡುತ್ತಿದ್ದಾರೆ.

ಪ್ರಾಣಿ ಇಷ್ಟ ಇದ್ದವರಿಗೆ ದರೋಜಿಯ ಕರಡಿಧಾಮ ಇದೆ, 1994ರಲ್ಲಿ ಆಗಿದ್ದು. ಕರಡಿ ಏನು ತಿನ್ನುತ್ತದೆ ಎಂದು ತಿಳಿಯಲು ಅದರ ಹಿಕ್ಕೆ ಹೆಕ್ಕಿ ತಂದು ಬಿಡಿಸಿ ನೋಡಬೇಕು. ನಾಜೂಕಿನವರಿಗೆ ಆಗುವ ಕೆಲಸ ಅಲ್ಲ. ತುಂಗಭದ್ರೆಯಲ್ಲಿ ಅಣೆಕಟ್ಟಿನಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ನೀರುನಾಯಿಯೂ ಮೀನುಗಾರನೂ ಒಂದೇ ಹೊಳೆಯ ಮೀನಿಗೆ ಕೈ ಹಾಕುವಾಗ ಏನಾಗುತ್ತದೆ ಎಂಬುದು ಬರೀ ಪ್ರಾಣಿಶಾಸ್ತ್ರದ ಪ್ರಶ್ನೆ ಅಲ್ಲ.

ಇನ್ನು ಕೃಷಿ. ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಅದರ ಗಂಗಾವತಿ ಕೇಂದ್ರದಿಂದ ಬಂದ ಭತ್ತದ ತಳಿಗೆ ಗಂಗಾವತಿ ಸೋನಾ ಎಂದೇ ಹೆಸರು. ಕಾಲುವೆ ಕೆಳಗೆ ವರ್ಷಾನುಗಟ್ಟಲೆ ನೀರು ನಿಲ್ಲಿಸಿ ಎಷ್ಟೋ ಹೊಲ ಸವಳಾಗಿವೆ. ಬಸಿಗಾಲುವೆ ಹೇಗೆ ತೆಗೆಯಬೇಕು, ಯಾವ ತಳಿ ಉಪ್ಪು ತಡೆಯುತ್ತದೆ, ಇವೆಲ್ಲ ಇಲ್ಲೇ ನೋಡಬೇಕಾದ್ದು, ಬೆಂಗಳೂರಲ್ಲಿ ಸವಳು ಎಲ್ಲಿಂದ ತರುತ್ತೀರಿ?

ಗಣಿತದಲ್ಲಿ ಸಂಶೋಧನೆ ಇರುತ್ತಾ?

ಇರುತ್ತೆ. ಪೆನ್ನು, ಪೇಪರ್, ತಾಳ್ಮೆ ಸಾಕು. ಆ ಮೂರನೆಯದೇ ನನ್ನಲ್ಲಿ ಇರಲಿಲ್ಲ, ಇತಿಹಾಸಕ್ಕೆ ಬಂದೆ.

ನಮ್ಮ ಮನೆಯಲ್ಲಿ ಆಡುವ ಮಾತು, ಹಾಡು, ಇವೂ ಸಂಶೋಧನೆಯ ವಿಷಯ ಆಗುತ್ತವಾ?

ಆಗುತ್ತವೆ. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡ, ಅಂದರೆ ಅಚ್ಚ ಕನ್ನಡ, ಎಲ್ಲಿಯದು ಎಂದು ಹೇಳುವಾಗ ಬರುವ ನಾಲ್ಕು ಊರುಗಳಲ್ಲಿ ಕೊಪಣ ಒಂದು, ಅಂದರೆ ನಮ್ಮ ಕೊಪ್ಪಳ. ಆ ಪುಸ್ತಕ 9ನೇ ಶತಮಾನದ್ದು. ಹಾಗಿದ್ದೂ ಕೊಪ್ಪಳದ ಹುಡುಗ ಬೆಂಗಳೂರಿಗೆ ಹೋಗಿ "ನಿನ್ನ ಕನ್ನಡ ಸರಿ ಇಲ್ಲ" ಎಂದು ಬೈಸಿಕೊಳ್ಳುತ್ತಾನೆ! ರಾಯಚೂರಿನ ಮಾತಿನಲ್ಲಿ ಉರ್ದು, ತೆಲುಗು ಎಷ್ಟು ಬೆರೆತಿದೆ, ಸಂತೆಯಲ್ಲಿ ಒಂದು ಥರ, ಮನೆಯಲ್ಲಿ ಇನ್ನೊಂದು ಥರ ಯಾಕೆ ಮಾತಾಡುತ್ತೇವೆ, ಭಾಷಾವಿಜ್ಞಾನದವರಿಗೆ ಇದು ಹಬ್ಬ. ಮೊಹರಂ ಪದ, ತತ್ವಪದ, ಮಾನ್ವಿಯ ಜಗನ್ನಾಥದಾಸರಂಥವರ ದಾಸರಪದ, ಬಯಲಾಟ, ಬಳ್ಳಾರಿಯ ತೊಗಲುಗೊಂಬೆ, ಮುಗಿಯುವ ಪಟ್ಟಿ ಅಲ್ಲ.

ಒಂದು ಎಚ್ಚರಿಕೆ, ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಎಂ.ಎ. ಓದುವಾಗ ನಮ್ಮ ಅಜ್ಜಿಯ ಬೀಸುವ ಪದಗಳನ್ನು ಮೂರು ಕ್ಯಾಸೆಟ್ ತುಂಬ ರೆಕಾರ್ಡ್ ಮಾಡಿದ್ದೆ. ಅಜ್ಜಿಯ ಜೊತೆ ಇನ್ನಿಬ್ಬರು ಹಾಡಿದ್ದರು. ಯಾರು ಯಾವ ಪದ ಹಾಡಿದರು, ಯಾರಿಂದ ಕಲಿತರು, ಯಾವ ದಿನ, ಒಂದನ್ನೂ ಬರೆದುಕೊಳ್ಳಲಿಲ್ಲ. ಕ್ಯಾಸೆಟ್ ಮೇಲೆ "ಅಜ್ಜಿ 1, ಅಜ್ಜಿ 2, ಅಜ್ಜಿ 3" ಎಂದಷ್ಟೇ ಇದೆ. ಈಗ ಆ ಮೂವರೂ ಇಲ್ಲ. ಒಂದು ಪದದ ನಡುವೆ ಯಾರೋ ನಗುತ್ತಾರೆ, ಆ ನಗು ಯಾರದು ಎಂದು ಹೇಳುವವರು ಉಳಿದಿಲ್ಲ. ಹೆಸರು, ಊರು, ತಾರೀಕು ಮೊದಲು ಬರೆಯಿರಿ, ಆಮೇಲೆ ಬಟನ್ ಒತ್ತಿ. ಅವರ ಒಪ್ಪಿಗೆ ಕೇಳಿ.

ಚಿತ್ರ, ಬೊಂಬೆ, ಕುಸುರಿ ಕೆಲಸದ ಮೇಲೆ?

ಮರದ ಬೊಂಬೆ ಮಾಡುವ ಕಿನ್ನಾಳಕ್ಕೆ ಹೋಗಿ. ಕೊಪ್ಪಳದಿಂದ ಹತ್ತಿರ. ಹಗುರವಾದ ಮರ, ಹುಣಸೆ ಬೀಜದ ಅಂಟು, ಗೋಣಿನಾರು, ಮರದ ಪುಡಿ ಸೇರಿಸಿದ ಕಿಟ್ಟ ಎಂಬ ಮುದ್ದೆ, ಅದರ ಮೇಲೆ ಬಣ್ಣ. ಹುಣಸೆ ಬೀಜದ ಅಂಟು ಅಷ್ಟು ಗಟ್ಟಿಯಾಗಿ ಯಾಕೆ ಹಿಡಿಯುತ್ತದೆ ಎಂಬುದು ಕೆಮಿಸ್ಟ್ರಿ. ಚಿತ್ರಗಾರರ ಮನೆಯ ಮಕ್ಕಳು ಈ ಕೆಲಸದಲ್ಲಿ ಉಳಿಯುತ್ತಾರಾ ಎಂಬುದು ಸಮಾಜಶಾಸ್ತ್ರ.

ಕನ್ನಡದಲ್ಲೇ ಪಿಎಚ್‌ಡಿ ಬರೆಯಬಹುದಾ?

ಬರೆಯಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾಗಿದ್ದೇ ಕನ್ನಡದಲ್ಲಿ ಇಂಥ ಕೆಲಸ ಆಗಲಿ ಎಂದು. ಸಾಹಿತ್ಯ, ಇತಿಹಾಸ, ಜಾನಪದಕ್ಕೆ ತೊಂದರೆ ಇಲ್ಲ. ವಿಜ್ಞಾನಕ್ಕೆ ಇಂಗ್ಲಿಷ್ ಇಲ್ಲದೆ ಆಗುವುದಿಲ್ಲ, ನಮಗೆ ಬೇಸರ ಆದರೂ ಸತ್ಯ ಅದೇ. ಬೇರೆ ದೇಶದವರು ನಿಮ್ಮ ಕೆಲಸ ಓದಿ ತಪ್ಪು ತೆಗೆಯಬೇಕಲ್ಲ. ಆದರೆ ಇಂಗ್ಲಿಷ್ ಚೆನ್ನಾಗಿ ಬರುವವರೆಗೂ ಕಾಯುತ್ತಾ ಕೂರಬೇಡಿ, ಓದುತ್ತಾ ಓದುತ್ತಾ ಬರುತ್ತದೆ.

ಎಷ್ಟು ವರ್ಷ? ರೊಕ್ಕ ಎಷ್ಟು ಬರುತ್ತೆ?

ಅಪ್ಪಂದಿರ ಪ್ರಶ್ನೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6 ವರ್ಷ. ಅದರ ಮೇಲೆ 2 ವರ್ಷ ಕೇಳಿ ಪಡೆಯಬಹುದು. ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಇನ್ನೂ 2 ವರ್ಷದ ಸಡಿಲಿಕೆ ಇದೆ. ಎಂ.ಫಿಲ್ ನಿಂತುಹೋಯಿತು, ಯಾರಾದರೂ ಸೇರಿಸಿಕೊಳ್ಳುತ್ತೇವೆ ಎಂದರೆ ಎದ್ದು ಬನ್ನಿ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಶಿಷ್ಯವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ 42,000. ಕೈಗೆ ಪ್ರತಿ ತಿಂಗಳು ಸರಿಯಾಗಿ ಬರುತ್ತಾ ಎಂದರೆ, ಬರುವುದಿಲ್ಲ. ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬಂದದ್ದನ್ನು ನನ್ನ ವಿದ್ಯಾರ್ಥಿಗಳಲ್ಲೇ ನೋಡಿದ್ದೇನೆ. ರೂಮ್ ಬಾಡಿಗೆಗೆ ಅಷ್ಟು ಇಟ್ಟುಕೊಂಡೇ ಹೊರಡಿ.

ಗೈಡ್ ಸರಿಯಾಗಿ ಸಿಗಬೇಕು, ಅದು ರೊಕ್ಕಕ್ಕಿಂತ ಮುಖ್ಯ. ಅವರ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಕೇಳಿ. ಅವರು ಉತ್ತರ ಹೇಳುವ ಮೊದಲು ಎಷ್ಟು ಹೊತ್ತು ಸುಮ್ನೆ ಇರುತ್ತಾರೆ ಎಂಬುದನ್ನೂ ಗಮನಿಸಿ.

ಪುಸ್ತಕ, ಪೇಪರ್ ಎಲ್ಲಿ ಸಿಗುತ್ತವೆ? ಕೊಳ್ಳೋಕೆ ಆಗಲ್ಲ.

ಕೊಳ್ಳಬೇಡಿ. ಶೋಧಗಂಗಾ ಎಂಬ ವೆಬ್‌ಸೈಟಿನಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ವಿಷಯ ಆರಿಸುವ ಮೊದಲು ಅಲ್ಲಿ ಹುಡುಕಿ, ಅದೇ ವಿಷಯದ ಮೇಲೆ ಯಾರೋ ಆಗಲೇ ಬರೆದಿರಬಹುದು. ಒಂದು ದೇಶ ಒಂದು ಚಂದಾ ಎಂಬ ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ, ಸರಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಅದರಲ್ಲಿ ಸಿಗುತ್ತವೆ. ನಿಮ್ಮ ಕಾಲೇಜಿಗೆ ಇದೆಯಾ ಎಂದು ಲೈಬ್ರರಿಯಲ್ಲಿ ಕೇಳಿ. ನಮ್ಮ ಜಿಲ್ಲೆಗಳ ಶಾಸನಗಳಿಗೆ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಿ. ಯಾವುದೂ ಸಿಗದಿದ್ದರೆ ಬರೆದವರಿಗೇ ಒಂದು ಮೇಲ್ ಹಾಕಿ. ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ, ತಮ್ಮ ಪೇಪರ್ ಒಬ್ಬರು ಓದುತ್ತಿದ್ದಾರಲ್ಲ ಎಂದು.

ವಾಟ್ಸಾಪ್‌ನಲ್ಲಿ "ಒಂದು ವಾರದಲ್ಲಿ ಪೇಪರ್ ಪಬ್ಲಿಷ್" ಅಂತ ಬರುತ್ತೆ. ಕಳಿಸಲಾ?

ಬೇಡ. ನಾನೂ ಒಂದು ಸಲ ದುಡ್ಡು ಕಟ್ಟಿ ಹಾಕಿಸಿದ್ದೆ. ಮೂರೇ ದಿನಕ್ಕೆ "ಅತ್ಯುತ್ತಮ ಲೇಖನ" ಎಂದು ಪ್ರಮಾಣಪತ್ರ ಬಂತು. ಅದರಲ್ಲಿ ನನ್ನ ಹೆಸರೇ ತಪ್ಪಾಗಿತ್ತು. ಲೇಖನ ಓದಿ ತಪ್ಪು ಹೇಳುವವರು ಯಾರೂ ಇಲ್ಲದಿದ್ದರೆ ಅದು ಜೆರಾಕ್ಸ್ ಅಂಗಡಿ.

ನಕಲು ವಿಷಯದಲ್ಲೂ ಹುಷಾರು. 2018ರ ಯುಜಿಸಿ ನಿಯಮದಂತೆ ಬೇರೆಯವರ ಬರಹದ ಜೊತೆ ಹೋಲಿಕೆ 10 ಶೇಕಡದವರೆಗೆ ನಡೆಯುತ್ತದೆ. 60 ದಾಟಿದರೆ ನೋಂದಣಿಯೇ ರದ್ದು.

ಇದರಿಂದ ಏನು ಉಪಯೋಗ? ಹಳೇ ಕಲ್ಲು ನೋಡಿದರೆ ಹೊಟ್ಟೆ ತುಂಬುತ್ತಾ?

ಎಲ್ಲ ಸಂಶೋಧನೆಯಿಂದ ತಕ್ಷಣ ಉಪಯೋಗ ಇದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಬೂದಿದಿಬ್ಬದಿಂದ ಯಾರ ಹೊಲಕ್ಕೂ ನೀರು ಬರುವುದಿಲ್ಲ. ಆದರೆ ನೀರಿನ ಮಾತು ಬಂದಿತಲ್ಲ, ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಆ 28 ಟಿಎಂಸಿ ಹೋದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ, ನೀರಿನ ಕೆಳಗಿದೆ. ದೋಣಿಯಲ್ಲಿ ಹೋಗಿ ಆಳ ಅಳೆದು ಲೆಕ್ಕ ಹಾಕಿದ್ದಕ್ಕೆ ಗೊತ್ತಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋದಾಗ ಇಡೀ ನಾಲ್ಕು ಜಿಲ್ಲೆ ನಿದ್ದೆ ಮಾಡಲಿಲ್ಲ. ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಉಕ್ಕು ಹೇಗೆ ಸವೆಯುತ್ತದೆ ಎಂದು ಓದಿದವರ ಹೆಸರು ಅವತ್ತಿನವರೆಗೆ ಯಾರಿಗೂ ಬೇಕಿರಲಿಲ್ಲ.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ನಾನೂ ಏನಾದ್ರೂ ಮಾಡಬಹುದಾ?

ಮಾಡಬಹುದು. ನಿಮ್ಮ ಊರಿನ ಹಳೇ ಕಲ್ಲಿನ ಮೇಲೆ ಅಕ್ಷರ ಕಂಡರೆ ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಮಧ್ಯಾಹ್ನ ತೆಗೆದರೆ ಅಕ್ಷರ ಕಾಣುವುದಿಲ್ಲ. ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ. ಜಾಗದ ಗುರುತು ಬರೆದುಕೊಂಡು ಹತ್ತಿರದ ಕಾಲೇಜಿನ ಇತಿಹಾಸದವರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಅಗೆಯಬೇಡಿ, ಅದಕ್ಕೆ ಅನುಮತಿ ಬೇಕು. ಅನುಮತಿ ಇಲ್ಲದೆ ಗುದ್ದಲಿ ಎತ್ತಿದರೆ ನಿಮಗೂ ನಿಧಿಗಳ್ಳರಿಗೂ ಪೊಲೀಸರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಿಧಿ ಏನಾದ್ರೂ ಸಿಕ್ತಾ?

ಇದು ವಿದ್ಯಾರ್ಥಿಗಳ ಪ್ರಶ್ನೆ ಅಲ್ಲ. ಬ್ಯಾಗ್ ಹಾಕಿಕೊಂಡು ಯಾವ ಗುಡ್ಡ ಹತ್ತಿದರೂ ಊರವರು ಕೇಳುವ ಪ್ರಶ್ನೆ. ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿಸಿಕೊಂಡಿದ್ದೂ ಇದೇ. ಒಂದು ಸಲ ಸಂಗನಕಲ್ಲಿನ ಹತ್ತಿರ ಕುರಿ ಕಾಯುವ ಅಜ್ಜ ಒಬ್ಬರು ಬಿಡಲೇ ಇಲ್ಲ. ಅಲ್ಲಿ ಹಿಂದೆ ಅಗೆದಾಗ ಸಿಕ್ಕಿದ್ದು ಸುಟ್ಟ ಹುರಳಿಕಾಳು ಎಂದು ಹೇಳಿ, ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅಜ್ಜ ಫೋನು ಕೈಯಲ್ಲಿ ಹಿಡಿದು, ಬಿಸಿಲಿಗೆ ಅಡ್ಡ ಕೈ ಇಟ್ಟು ಬಹಳ ಹೊತ್ತು ನೋಡಿದರು. "ಹುರಳಿನೇ. ಒಲೆ ಮೇಲಿಟ್ಟು ಮರ್ತಿದ್ದಾಳೆ ನೋಡು" ಎಂದರು.